ಮುಖ ನೋಡದ ದೇಶಕ್ಕೆ ಹೋದ ಹುಲಿಗೆವ್ವ

ಕಾಲು ಒಳಗೆ ಎಳ್ಕೋ, ಗೋಡೆ ಕಡೆ ತಿರುಗು. ಹ್ಞೂಂ ಅಂತಿರಬೇಕು, ಇಲ್ಲದಿದ್ರೆ ನಾನು ಯಾರಿಗೆ ಹೇಳ್ಲಿ?

ಒಂದಾನೊಂದು ಕಾಲದಲ್ಲಿ, ಅಂದ್ರೆ ಹೊಳೆಯ ಈ ದಡ ಒಂದು ದೇಶ, ಆ ದಡ ಇನ್ನೊಂದು ದೇಶ ಆಗಿದ್ದ ಕಾಲದಲ್ಲಿ, ಈ ದಡದಲ್ಲಿ ಹುಲಿಗೆವ್ವ ಅಂತ ಒಬ್ಬ ಕೌದಿ ಹೊಲಿಯೋಳು ಇದ್ದಳಂತೆ. ಹಳೇ ಸೀರೆ, ಹಳೇ ಧೋತರ, ಹರಿದ ಅಂಗಿ, ಯಾರ ಮನೇಲಿ ಏನು ಕೊಟ್ರೂ ಅದನ್ನೇ ತುಂಡು ಮಾಡಿ, ಪದರದ ಮೇಲೆ ಪದರ ಹಾಸಿ, ಅಂಗಳದಲ್ಲೇ ಕೂತು ಹೊಲಿದು ಕೊಡ್ತಿದ್ದಳಂತೆ. ಅವಳು ಎಡಚಿ. ಸೂಜಿ ಹಿಡಿಯೋದು ಎಡಗೈಲಿ. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು. ಒಂದು ವರ್ಷ ಈ ದಡದಲ್ಲಿ ಎಲ್ಲರ ಮನೇಲೂ ಕೌದಿ ಆಗಿಬಿಡ್ತು, ಕೆಲಸ ಇಲ್ಲ. ಆ ದಡದಲ್ಲಿ ಚಳಿ ಜಾಸ್ತಿಯಂತೆ, ಹೋಗಿ ನಾಲ್ಕು ಕೌದಿ ಹೊಲಿದು ಬಂದ್ರೆ ಮಳೆಗಾಲ ಕಳೆಯುತ್ತೆ ಅಂತ ಮಗಳನ್ನ ತಂಗಿ ಮನೇಲಿ ಬಿಟ್ಟು, ಸೂಜಿಯನ್ನ ತುರುಬಿಗೆ ಚುಚ್ಕೊಂಡು ಹೊಳೆ ದಾಟಿದಳಂತೆ.

ದಾಟಿ, ಮೊದಲು ಸಿಕ್ಕ ಊರಿನ ಕಟ್ಟೆ ಮೇಲೆ ಕೂತು, ಧೂಳು ಬರ್ತಿತ್ತು ಅಂತ ಸೆರಗನ್ನ ಮೂಗಿನವರೆಗೆ ಎಳ್ಕೊಂಡು, ಜನ ನೋಡಿ ಕೆಲಸ ಕೊಡಲಿ ಅಂತ ಒಂದು ತುಂಡು ಹಾಸಿ ಹೊಲಿಯೋಕೆ ಶುರು ಮಾಡಿದಳಂತೆ. ಆಗ ಗಾಣದ ಮನೆ ಮುದುಕಿ ಪಾರವ್ವ ಎಣ್ಣೆ ಕೊಡ ಹೊತ್ತು ಆ ದಾರೀಲಿ ಬಂದಳು. ಸೂಜಿ ಎಡಗೈಲಿರೋದು ನೋಡಿದಳೋ ಇಲ್ವೋ, ಕೊಡ ತುಳುಕಿ ಎಣ್ಣೆ ಹೆಗಲ ಮೇಲೆ ಇಳೀತಂತೆ. ತಟ್ಟನೆ ಬೆನ್ನು ತಿರುಗಿಸಿ ನಿಂತು, ಎದ್ದು ನನ್ನ ಹಿಂದೆ ಬಾರೇ ತಾಯಿ, ಮಾತಾಡಬೇಡ, ಇಷ್ಟು ವರ್ಷ ಆದಮೇಲೆ ಬಂದೆಯಲ್ಲ, ಬಂದೋಳು ಬಯಲಲ್ಲೇ ಕೂತ್ಕೊಳ್ಳೋದಾ, ನಿನ್ನ ಬುದ್ಧಿಗಿಷ್ಟು ಅಂದಳಂತೆ.

ಬೆನ್ನು ಯಾಕೆ ತಿರುಗಿಸಿದಳು ಅಂತೀಯಾ? ಆ ದೇಶದ ಜನಕ್ಕೆ ಸುಳ್ಳು ಹೇಳೋಕೆ ಬರ್ತಿರಲಿಲ್ಲವಂತೆ. ಹಾಗಂತ ಸ್ನೇಹಿತರನ್ನ ಹಿಡಿದು ಕೊಡೋರೂ ಅಲ್ಲ. ಅದಕ್ಕೇ ಒಂದು ಪದ್ಧತಿ ಮಾಡಿಕೊಂಡಿದ್ರು. ಆಪತ್ತಿನಲ್ಲಿರೋರು ಮನೆಗೆ ಬಂದ್ರೆ ಅವರ ಮುಖ ನೋಡಬಾರದು, ಅವರ ಹೆಸರು ಎತ್ತಬಾರದು. ನಾಳೆ ಅರಮನೆ ಭಟರು ಬಂದು ಇಂಥವಳನ್ನ ನೋಡಿದ್ಯಾ ಅಂದ್ರೆ ದೇವರಾಣೆ ನೋಡಿಲ್ಲ ಅಂತ ಹೇಳಬಹುದಲ್ಲ. ಬಹಳ ಅನುಕೂಲದ ಸತ್ಯ.

ಪಾರವ್ವ ಅವಳನ್ನ ಗಾಣದ ಹಿಂದೆ ಕೂರಿಸಿ, ಬೆನ್ನು ಹಾಕ್ಕೊಂಡೇ ಬಿಸಿ ರೊಟ್ಟಿ, ಮೇಲೆ ಹಸಿ ಎಣ್ಣೆ, ಚಟ್ನಿಪುಡಿ ಹಾಕಿ ಹಿಂದಕ್ಕೆ ತಳ್ಳಿದಳಂತೆ. ಹುಲಿಗೆವ್ವನ ಕಡೆ ಪದ್ಧತಿ ಏನಂದ್ರೆ, ಉಣ್ಣೋಕೆ ಇಟ್ಟ ಮನೇಲಿ ಉಂಡು ಮುಗಿಯೋವರೆಗೆ ಏನೂ ಕೇಳಬಾರದು. ಉಂಡಳು. ಅಷ್ಟರಲ್ಲಿ ಪಾರವ್ವನೇ ಎಲ್ಲ ಹೇಳಿಬಿಟ್ಟಳು. ದೊರೆ ಕೋಪ ಇನ್ನೂ ಇಳಿದಿಲ್ಲ ಕಣೇ, ನೀನು ಹೊಲಿದ ಕೌದೀಲಿ ಮಲಗಿದ ರಾಣಿ ಮಗು ಏಳಲೇ ಇಲ್ಲ, ಅದರೊಳಗೆ ನಿನ್ನ ಸತ್ತ ಮಗಳ ಲಂಗದ ತುಂಡು ಸಿಕ್ತು ಅಂತ, ಕೌದೀನೂ ಹೊಲಿದವಳನ್ನೂ ಒಟ್ಟಿಗೆ ಸುಡಬೇಕು ಅನ್ನೋ ಆಜ್ಞೆ ಹಾಗೇ ಇದೆ, ಏಳೆಂಟು ವರ್ಷದಿಂದ ನಿನ್ನನ್ನ ಹುಡುಕ್ತಾನೇ ಇದಾರೆ. ಯಾಕಾದ್ರೂ ಹಾಕಿದ್ಯೇ ಅದನ್ನ? ಸತ್ತವರ ಬಟ್ಟೆ ಅದೇ ದಿನ ಸುಡಬೇಕು ಅಂತ ನಿನಗೆ ಗೊತ್ತಿರಲಿಲ್ವಾ?

ಹುಲಿಗೆವ್ವ ಕೊನೇ ತುತ್ತನ್ನ ಬೇಗ ಬೇಗ ನುಂಗಿದಳಂತೆ. ಅವ್ವಾ, ನಾನವಳಲ್ಲ, ನಾನು ಹೊಳೆ ಆಚೆಯೋಳು ಅಂದಳಂತೆ. ಪಾರವ್ವ ಬೆನ್ನು ಹಾಕ್ಕೊಂಡೇ ಕಣ್ಣು ಒರೆಸಿಕೊಂಡು, ಹಾಂ, ಹಾಗೇ ಹೇಳು, ಯಾರು ಕೇಳಿದ್ರೂ ಹಾಗೇ ಹೇಳು, ಹೊರಗಿದ್ದು ಸುಳ್ಳು ಹೇಳೋದನ್ನೂ ಕಲಿತೆಯಲ್ಲ, ಎಷ್ಟು ಚೆನ್ನಾಗಿ ಹೇಳ್ತೀಯೇ, ನಾನೇ ನಂಬೋ ಹಾಗಿದೆ ಅಂದಳಂತೆ.

ಏನು ಮಾಡೋದು ಹೇಳು. ಬೀದಿಗೆ ಬಂದ್ರೆ ಭಟರು, ಒಳಗಿದ್ರೆ ಇವಳ ಪ್ರೀತಿ. ಎಡಗೈಯ ಕೌದಿಯವಳು ಸಿಕ್ಕಿದ್ರೆ ಸುಟ್ಟು ಆಮೇಲೆ ವಿಚಾರಣೆ ಮಾಡೋ ಪೈಕಿ ಅವರು. ಮಗಳ ಮುಖ ನೆನಪಾಯ್ತು, ಹುಲಿಗೆವ್ವ ಸುಮ್ಮನಾದಳಂತೆ.

ಆಮೇಲೆ ಪಾರವ್ವ ಬಡಿಗರ ಮೌನಪ್ಪನಿಗೆ ಹೇಳಿ ಕಳಿಸಿದಳು. ಅವನೂ ಆ ತಪ್ಪಿಸಿಕೊಂಡ ಕೌದಿಯವಳ ಹಳೇ ಸ್ನೇಹಿತನೇ. ಅವನು ಯಾರದೋ ಮದುವೆಗೆ ಮಾಡಿದ ಮರದ ಪೆಟ್ಟಿಗೇನ ಗಾಡೀಲಿಟ್ಟು, ನೆಲ ನೋಡ್ತಾ ಬಂದು, ಹತ್ತಮ್ಮಾ ತಂಗಿ, ಮದುವಣಗಿತ್ತಿ ಪೆಟ್ಟಿಗೆ ಅವಳಿಗಿಂತ ಮುಂಚೆ ಯಾರೂ ತೆರೆಯೋ ಹಾಗಿಲ್ಲ, ಗಡಿವರೆಗೆ ಯಾರ ಭಯವೂ ಇಲ್ಲ ಅಂದನಂತೆ. ಅವಳು ಒಳಗೆ ಮುದುರಿ ಕೂತಳು, ಗಾಡಿ ಹೊರಟಿತು. ದಾರೀಲಿ ಭಟರು ತಡೆದ್ರು. ಅವಳನ್ನ ನೋಡಿದ್ಯಾ? ನೋಡಿಲ್ಲ. ಅವಳ ಹೆಸರು ಯಾರಾದ್ರೂ ಎತ್ತಿದ್ರಾ? ಎತ್ತಿಲ್ಲ. ಭಟರು ಮಾತನ್ನೇನೋ ನಂಬಿದ್ರು, ಆದ್ರೆ ಬರಿಗೈಲಿ ವಾಪಸ್ ಹೋಗೋಕೆ ಮನಸ್ಸು ಬರಲಿಲ್ಲ. ಅವಳ ಸ್ನೇಹಿತ ಅಲ್ವೇನೋ ನೀನು ಅಂತ ಭರ್ಜಿ ಹಿಡಿಯಿಂದ ಅವನ ಬಲಗೈ ಮೇಲೆ ಹೊಡೆದ್ರಂತೆ. ಬಡಿಗನ ಬಲಗೈ! ಬೆರಳು ಮುರಿದ ಶಬ್ದ ಪೆಟ್ಟಿಗೆಯೊಳಗೆ ಹುಲಿಗೆವ್ವನಿಗೆ ಕೇಳಿಸಿತಂತೆ. ಮೌನಪ್ಪ ಎಡಗೈಲೇ ಗಾಡಿ ಹೊಡೆದ. ಗಾಡಿ ಎಷ್ಟೋ ದೂರ ಹೋದಮೇಲೆ ಪೆಟ್ಟಿಗೆ ಹತ್ರ ಬಾಗಿ, ತಂಗೀ, ಒಳಗೆ ಉಸಿರಾಡೋಕೆ ಆಗ್ತಿದ್ಯಾ ಅಂದನಂತೆ.

ಅವಳು ಒಳಗೇ ಅತ್ತಳು. ಅಣ್ಣಾ, ನಾನವಳಲ್ಲ, ನನಗೋಸ್ಕರ ಯಾಕೆ ಪೆಟ್ಟು ತಿಂದೆ ಅಂದಳು. ಮೌನಪ್ಪ ನಕ್ಕನಂತೆ. ನೀನು ಅವಳೇ ಅಂತ ನಾನೆಲ್ಲಿ ಅಂದೆ? ನಾನು ಯಾರನ್ನೂ ನೋಡೇ ಇಲ್ಲವಲ್ಲ.

ಇನ್ನು ಹೊಳೆ ದಡ. ಅಲ್ಲಿ ಹರಿಗೋಲು ಹಾಕೋ ಈರವ್ವನಿಗೆ ಅವಳನ್ನ ಒಪ್ಪಿಸಿ ಮೌನಪ್ಪ ಗಾಡಿ ತಿರುಗಿಸಿದ. ಈರವ್ವ ಆ ಕೌದಿಯವಳ ಮೂರನೇ ಸ್ನೇಹಿತೆ, ಎಲ್ಲರಿಗಿಂತ ಹಳೇ ಗೆಳತಿ, ಚಿಕ್ಕಂದಿನಲ್ಲಿ ಜೊತೆಗೇ ಕುಂಟೆಬಿಲ್ಲೆ ಆಡಿ ಬೆಳೆದೋಳು. ಗಟ್ಟಿಗಿತ್ತಿ, ಬಾಯಿ ಜೋರು. ಸಂಜೆ ಬಿಸಿಲು ನೀರಿನ ಮೇಲಿತ್ತಂತೆ. ಈರವ್ವ ಕಣ್ಣು ಮುಚ್ಕೊಂಡೇ ಕೈ ಚಾಚಿ, ಹತ್ತೇ ಬೇಗ, ನಿನ್ನ ದೆಸೆಯಿಂದ ಆ ಮೌನಪ್ಪ ಇನ್ನು ಉಳಿ ಹಿಡಿಯೋ ಹಾಗಿಲ್ಲ ಅಂದಳು. ಹುಲಿಗೆವ್ವ ಒಂದು ಕಾಲು ಹರಿಗೋಲಲ್ಲಿ ಇಟ್ಟಳು. ಆಚೆ ದಡ ಕಾಣ್ತಿದೆ. ಇನ್ನೇನು ಮನೆ, ಮಗಳು.

ಅಷ್ಟರಲ್ಲಿ ಊರ ಕಡೆಯಿಂದ ಒಬ್ಬ ಓಡಿ ಬಂದು, ಈರಕ್ಕಾ, ಗಂಡಾಂತರ ಕಳೀತು ಅಂದನಂತೆ. ಯಾವಳೋ ಒಬ್ಬಳು ಜ್ವರ ಬಂದು ನಡುಗ್ತಾ ಪಾರವ್ವಜ್ಜಿ ಬಾಗಿಲಿಗೆ ಬಂದು, ನಾನೇ ಬಂದಿದ್ದೀನಿ ಬಾಗಿಲು ತೆಗಿ, ಕಾಡಲ್ಲಿ ಇನ್ನು ಇರಲಾರೆ ಅಂದಳಂತೆ. ಅಜ್ಜಿ ಮೋಸ ಹೋಗ್ತಾಳಾ? ನಮ್ಮೋಳನ್ನ ಕಳಿಸಿ ಆಯ್ತು, ನೀನು ಅರಮನೆ ಕಡೆಯವಳು, ನಡಿ ಆಚೆ ಅಂದಳು. ಅಲ್ಲಿಂದ ಮೌನಪ್ಪನ ಮನೆಗೆ ಹೋದಳು, ಅಲ್ಲಿ ಅವನ ಮನೆಯೋರದ್ದೂ ಅದೇ ಮಾತು. ಕೊನೆಗೆ ಬೀದೀಲಿ ನಿಂತು ಅಳ್ತಿದ್ದೋಳನ್ನ ಭಟರು ಹಿಡ್ಕೊಂಡು ಹೋದ್ರು. ನಾಳೆ ಬೆಳಿಗ್ಗೆ ಅವಳನ್ನ ಸುಡ್ತಾರೆ. ಇನ್ನು ನಮ್ಮೋಳನ್ನ ಯಾರೂ ಹುಡುಕಲ್ಲ.

ಈರವ್ವ ಕಣ್ಣು ಮುಚ್ಚಿಕೊಂಡೇ ಆಕಾಶಕ್ಕೆ ಕೈ ಮುಗಿದಳಂತೆ. ಅಪ್ಪಾ, ಪಾಪ ಅದು ಯಾವಳೋ ಹುಚ್ಚಿ, ಆದ್ರೂ ನನ್ನ ಗೆಳತಿ ಉಳಿದಳಲ್ಲ.

ಹ್ಞೂಂ ಅನ್ನು ಮಗಾ. ನಿದ್ದೆ ಬಂತಾ? ಇಲ್ವಾ. ಸರಿ.

ಹುಲಿಗೆವ್ವನ ಒಂದು ಕಾಲು ಹರಿಗೋಲಲ್ಲಿ, ಒಂದು ಕಾಲು ಮರಳಲ್ಲಿ. ಸುಮ್ಮನೆ ಕೂತಿದ್ರೆ ಆಗಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೆ ಆ ರೊಟ್ಟಿ ಅವಳದ್ದಲ್ಲ, ಆ ಪೆಟ್ಟಿಗೆ ಅವಳದ್ದಲ್ಲ, ಮೌನಪ್ಪ ಕೊಟ್ಟ ಬೆರಳು ಅವಳಿಗೆ ಕೊಟ್ಟದ್ದಲ್ಲ. ಎಲ್ಲ ಇವಳೇ ತಗೊಂಡುಬಿಟ್ಟಿದ್ದಳು, ನಿಜವಾದವಳು ಬಂದಾಗ ಬಾಗಿಲು ಮಾತ್ರ ಉಳಿದಿತ್ತು, ಅದೂ ಮುಚ್ಚಿದ್ದು. ಹುಲಿಗೆವ್ವ ಹರಿಗೋಲಿಂದ ಕಾಲು ತೆಗೆದು, ಸೆರಗು ಇಳಿಸಿ, ಈರವ್ವಾ ಕಣ್ಣು ಬಿಡು ಅಂದಳಂತೆ.

ಬಿಡಲ್ಲ ಅಂದಳು ಈರವ್ವ. ಬಿಡು ಅಂದಳು ಇವಳು. ಮೂರನೇ ಸಲ, ನೀನೀಗ ಕಣ್ಣು ಬಿಡದಿದ್ರೆ ನಾಳೆ ನಿನ್ನ ಗೆಳತಿ ಬೂದಿ ನೋಡ್ತೀಯ ಅಂದಾಗ ಈರವ್ವ ಕಣ್ಣು ಬಿಟ್ಟಳು. ನೋಡಿದಳು. ನೋಡಿದೋಳೇ ಹುಟ್ಟು ಎತ್ತಿದಳಂತೆ ಹೊಡೆಯೋಕೆ. ಯಾರೇ ನೀನು? ಅವಳ ಪಾಲಿನದೆಲ್ಲ ತಿಂದು ಬಂದೆಯಲ್ಲೇ! ಹುಲಿಗೆವ್ವ ಅಲುಗಾಡಲಿಲ್ಲ. ಹೊಡೆಯೋದಾದ್ರೆ ಆಮೇಲೆ ಹೊಡಿ, ಈಗ ಅರಮನೆ ದಾರಿ ತೋರಿಸು ಅಂದಳಂತೆ.

ಬೆಳಗಾಗೋ ಹೊತ್ತಿಗೆ ಅರಮನೆ ಅಂಗಳದಲ್ಲಿ ಕಟ್ಟಿಗೆ ಒಟ್ಟಿದ್ರು. ಕಂಬಕ್ಕೆ ಒರಗಿ ಅವಳು ಕೂತಿದ್ದಳು, ಜ್ವರಕ್ಕೆ ತುಟಿ ಒಡೆದು, ಕೂದಲು ಕೆದರಿ. ಪಾರವ್ವ, ಮೌನಪ್ಪ ಇಬ್ಬರಿಗೂ ಈರವ್ವನೇ ವಿಷಯ ಮುಟ್ಟಿಸಿದ್ದಳು. ಪಾರವ್ವ ಆ ಮುಖ ನೋಡಿ ಬಾಯಿ ಬಡ್ಕೊಂಡಳಂತೆ. ಅವಳೇ, ಅಯ್ಯೋ, ನಾನೇ ಬಾಗಿಲು ಹಾಕಿದೆನಲ್ಲ.

ಹುಲಿಗೆವ್ವ ದೊರೆ ಮುಂದೆ ನಿಂತು, ಸ್ವಾಮೀ, ಎಡಗೈಲಿ ಹೊಲಿಯೋಳು ನಾನೂ ಒಬ್ಬಳಿದ್ದೀನಿ, ನಮ್ಮಿಬ್ಬರಲ್ಲಿ ನಿಮ್ಮ ಕೌದಿ ಹೊಲಿದೋಳು ಯಾರು ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಬೆಂಕಿ ಹಚ್ಚಿ ಅಂದಳಂತೆ. ದೊರೆಗೆ ಗೊಂದಲ ಆಯ್ತು. ಇಬ್ಬರ ಕೈಗೂ ಸೂಜಿ ಕೊಡಿಸಿದ, ಇಬ್ಬರದ್ದೂ ಎಡಗೈ. ಇನ್ನೇನು ಕೇಳೋದು ಅಂತ ಅವನು ಯೋಚನೆ ಮಾಡ್ತಿದ್ದಾಗ ಕಂಬದ ಹತ್ರ ಕೂತೋಳೇ ಬಾಯಿ ಬಿಟ್ಟಳಂತೆ. ಹೊಲಿದೋಳು ನಾನೇ ದೊರೆ. ನನ್ನ ಹೆಸರು ಸಂಕವ್ವ. ಈ ಹೆಣ್ಣುಮಗಳು ಯಾರೋ ನನಗೆ ಗೊತ್ತಿಲ್ಲ, ಅವಳನ್ನ ಬಿಟ್ಟುಬಿಡಿ. ನನ್ನ ಹತ್ರ ಇದ್ದ ಬಟ್ಟೇಲೆಲ್ಲ ಮೆತ್ತಗಿದ್ದದ್ದು ನನ್ನ ಮಗಳ ಲಂಗ. ಅದನ್ನ ಸುಡೋಕೆ ನನ್ನ ಕೈಲಿ ಆಗಿರಲಿಲ್ಲ. ನಿಮ್ಮ ಕೂಸಿನ ಕೆನ್ನೆಗೆ ತಾಗೋ ಜಾಗಕ್ಕೆ ಅದನ್ನೇ ಇಟ್ಟೆ. ಕೇಡು ಬಯಸಿ ಅಲ್ಲ.

ದೊರೆ ಮುಖ ಪಕ್ಕಕ್ಕೆ ತಿರುಗಿಸಿ, ಆಜ್ಞೆ ಆಜ್ಞೆಯೇ, ಕೌದಿ ತರಿಸಿ ಅಂದ.

ರಾಣಿ ಕೋಣೆಗೆ ಒಬ್ಬ ದಾಸಿ ಹೋದಳು, ಬರಿಗೈಲಿ ಬಂದಳು. ಇನ್ನೊಬ್ಬ ದಾಸಿ ಹೋದಳು, ಅವಳೂ ಬರಿಗೈಲಿ ಬಂದಳು. ಮೂರನೇ ಸಲ ಯಾರನ್ನೂ ಕಳಿಸಬೇಕಾಗಲಿಲ್ಲ. ರಾಣಿಯೇ ಬಂದಳಂತೆ, ತಲೆ ಬಾಚದೆ, ಬರಿಗಾಲಲ್ಲಿ. ಕೌದೀನ ಹೇಗೆ ಹಿಡಿದಿದ್ದಳು ಅಂತೀಯಾ? ಹೆಗಲಿಗೆ ಹಾಕ್ಕೊಂಡು, ಹಿಂದೆ ಕೈ ಕೊಟ್ಟು, ಕೂಸನ್ನ ಎತ್ಕೊಂಡ ಹಾಗೇ.

ಬಂದು ದೊರೆ ಕಡೆ ನೋಡಲಿಲ್ಲ, ನೇರ ಸಂಕವ್ವನ ಮುಂದೆ ಕೂತಳು. ನನ್ನ ಮಗು ಹೋದ ದಿನ ಕುಲಾವಿ ಸುಟ್ರು, ಅಂಗಿ ಸುಟ್ರು, ತೊಟ್ಟಿಲ ಬಟ್ಟೆ ಸುಟ್ರು, ಪದ್ಧತಿ ಅಂತ ನಾನೂ ಸುಮ್ಮನಿದ್ದೆ ಅಂದಳಂತೆ. ಇದೊಂದು ಉಳೀತು, ನಿನ್ನ ಜೊತೇಲೇ ಸುಡಬೇಕು ಅಂತ ಆಜ್ಞೆ ಆಗಿತ್ತಲ್ಲ, ಅದಕ್ಕೆ. ಇದರಲ್ಲಿ ಅವನ ವಾಸನೆ ಇತ್ತು. ಪ್ರತಿ ಹಬ್ಬಕ್ಕೂ ದೇವರ ಮುಂದೆ ನಾನು ಏನು ಬೇಡ್ಕೋತಿದ್ದೆ ಗೊತ್ತಾ ಸಂಕವ್ವಾ? ನೀನು ಸಿಗಬಾರದು ಅಂತ. ನೀನು ಸಿಕ್ಕಿದ್ರೆ ಇದೂ ಹೋಗುತ್ತಲ್ಲ.

ಆಮೇಲೆ ಕೌದೀನ ಇಬ್ಬರ ನಡುವೆ ಹಾಸಿ, ನಿನ್ನ ಮಗಳ ತುಂಡು ಯಾವುದು ತೋರಿಸು ಅಂದಳಂತೆ. ಸಂಕವ್ವ ತೋರಿಸಿದಳು. ಮಾಸಿ ಬಣ್ಣ ಹೋಗಿತ್ತು, ಮುಟ್ಟಿ ಮುಟ್ಟಿ ನೂಲು ತೆಳ್ಳಗಾಗಿತ್ತು, ಅಷ್ಟು ವರ್ಷ ರಾಣಿ ಕೆನ್ನೆ ಇಟ್ಟು ಮಲಗ್ತಿದ್ದದ್ದೂ ಆ ತುಂಡಿನ ಮೇಲೆಯೇ ಅಂತೆ. ಅವಳ ಹೆಸರೇನು ಅಂತ ರಾಣಿ ಕೇಳಿದಳು. ಸಂಕವ್ವ ಬಾಗಿ ಕಿವೀಲಿ ಹೇಳಿದಳು. ರಾಣಿಯೂ ತನ್ನ ಮಗನ ಹೆಸರು ಹೇಳಿದಳು. ಏನು ಹೆಸರು ಅಂತೀಯಾ? ಅದು ಅವರಿಬ್ಬರಿಗೆ ಮಾತ್ರ ಕೇಳಿಸಿತಂತೆ ಮಗಾ, ನನಗೆ ಕತೆ ಹೇಳಿದೋರಿಗೂ ಗೊತ್ತಿರಲಿಲ್ಲ.

ದೊರೆ ಎದ್ದು ನಿಂತು, ಕಟ್ಟಿಗೆ ತೆಗೆದು ಅಡುಗೆಮನೆಗೆ ಹಾಕಿ ಅಂದನಂತೆ.

ಆಮೇಲೆ ಅರಮನೆ ವೈದ್ಯರು ಸಂಕವ್ವನ ಜ್ವರ ಇಳಿಸಿದ್ರು, ಮೌನಪ್ಪನ ಬೆರಳಿಗೆ ಪಟ್ಟಿ ಕಟ್ಟಿದ್ರು, ಎರಡು ಬೆರಳು ಸೊಟ್ಟಗೇ ಉಳಿದವು ಅನ್ನು. ಪಾರವ್ವ ಸಂಕವ್ವನಿಗೆ ರೊಟ್ಟಿ ಬಡಿದು ಕೊಟ್ಟಳು, ಈ ಸಲ ಎದುರಿಗೇ ಕೂತು, ಮುಖ ನೋಡ್ತಾ ನೋಡ್ತಾ, ಅಳ್ತಾ ಅಳ್ತಾ. ಬಾಗಿಲು ಹಾಕಿದ್ದನ್ನ ಮರೆತುಬಿಡೇ ಅಂದ್ರೆ, ಮರೆಯಲ್ಲ, ಇನ್ನೊಂದು ರೊಟ್ಟಿ ಹಾಕು ಅಂದಳಂತೆ ಸಂಕವ್ವ. ಆ ದೇಶದ ಜನ ಅವತ್ತಿಂದ ಬಾಗಿಲು ಬಡಿದೋರ ಮುಖವನ್ನ ದೀಪ ಹಿಡಿದು ನೋಡೋಕೆ ಶುರು ಮಾಡಿದ್ರಂತೆ. ಭಟರು ಕೇಳಿದ್ರೆ ಸುಳ್ಳು ಹೇಳೋದನ್ನೂ ನಿಧಾನಕ್ಕೆ ಕಲಿತ್ರಂತೆ, ಬೇಕಾದಷ್ಟು ಮಾತ್ರ.

ಹುಲಿಗೆವ್ವನನ್ನ ಈರವ್ವ ಹರಿಗೋಲಲ್ಲಿ ದಾಟಿಸಿದಳು, ದಾರಿಯುದ್ದಕ್ಕೂ ಬೈತಾ. ಇಳಿಯೋವಾಗ ಮಾತ್ರ ಅವಳ ಮುಖ ಎರಡೂ ಕೈಲಿ ಹಿಡಿದು ಚೆನ್ನಾಗಿ ನೋಡಿಕೊಂಡು, ಇನ್ನು ಮರೆಯಲ್ಲ ಹೋಗು ಅಂದಳಂತೆ. ಅವರು ಆ ದಡದಲ್ಲಿ ಸುಖವಾಗಿದ್ರು, ಇವಳು ಈ ದಡದಲ್ಲಿ ಸುಖವಾಗಿದ್ದಳು. ಕತೆ ಇಲ್ಲಿಗೆ ಮುಗಿದು ಮಲಗ್ತು ಮಗಾ, ನೀನೂ ಮಲಗು.