ನಂಜುಂಡಾಚಾರಿಯ ಗರಗಸ

“ಬುದ್ಧಿ, ಜನ ನರಳುತ್ತಿರುವಾಗ ಸೇವೆಗೆ ನಿಂತವನು ದಣಿವಾಯಿತೆಂದು ಕೂತರೆ ಅದು ಪಾಪವಲ್ಲವೇ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಊರಿಗೆ ಊರೇ ಜ್ವರದಲ್ಲಿ ಬಿದ್ದಿತ್ತು. ಮಠದ ಪಡಸಾಲೆಯಲ್ಲಿ ರೋಗಿಗಳನ್ನು ಮಲಗಿಸಿದ್ದರು. ಅವರ ಆರೈಕೆಗೆ ನಿಂತ ಮೇಲೆ ಚೆನ್ನವೀರ ಸರಿಯಾಗಿ ಉಂಡಿರಲಿಲ್ಲ, ನಿದ್ದೆ ಮಾಡಿರಲಿಲ್ಲ. ಹೋಗಿ ಸ್ವಲ್ಪ ಮಲಗು ಎಂದು ಗುರುಗಳು ಹೇಳಿದ್ದು ಅವನ ಮನಸ್ಸಿಗೆ ಒಪ್ಪಿರಲಿಲ್ಲ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ನಂಜುಂಡಾಚಾರಿ ಎಂಬ ಮರ ಕೊಯ್ಯುವವನಿದ್ದ. ಪೆಟ್ರೋಲಿನಿಂದ ಓಡುವ ಮೆಷಿನ್ ಗರಗಸ ಆ ಊರಿನಲ್ಲಿ ಅವನೊಬ್ಬನ ಬಳಿ ಇತ್ತು. ಅಂಥ ಗರಗಸದ ಎಂಜಿನ್ನಿಗೆ ತಂಪು ಕೊಡಲು ನೀರಿಲ್ಲ. ಒಳಗಿನ ಫ್ಯಾನು ಬೀಸುವ ಗಾಳಿ, ಪೆಟ್ರೋಲಿಗೆ ಬೆರೆಸಿದ ಎಣ್ಣೆ, ಇವೆರಡೇ ಅದನ್ನು ಕಾಪಾಡಬೇಕು. ನಂಜುಂಡಾಚಾರಿಗೆ ಅದು ಗೊತ್ತಿತ್ತು. ಟ್ಯಾಂಕು ಬರಿದಾದಾಗಲೆಲ್ಲ ಅವನು ಗರಗಸ ಕೆಳಗಿಳಿಸಿ, ಎಂಜಿನ್ ಆರುವವರೆಗೆ ಸಂದುಗಳಲ್ಲಿ ಕೂತ ಮರದ ಹುಡಿಯನ್ನು ಕೆದಕಿ ತೆಗೆಯುತ್ತಿದ್ದ. ಸರಪಳಿಯ ಹಲ್ಲುಗಳಿಗೆ ಅರ ಹಾಕಿ ಹರಿತ ಮಾಡುತ್ತಿದ್ದ. ಆಮೇಲೆಯೇ ಮತ್ತೆ ಕೈಗೆತ್ತಿಕೊಳ್ಳುತ್ತಿದ್ದ. ಅವನದು ಆತುರದ ಸ್ವಭಾವವಲ್ಲ.

ಒಂದು ಬೇಸಿಗೆಯ ಕೊನೆಯಲ್ಲಿ ಆ ಊರಿನ ಮೇಲೆ ಭಾರಿ ಬಿರುಗಾಳಿ ಬೀಸಿತು. ಸಾಲುಮರಗಳು ಬುಡಮೇಲಾಗಿ ಮನೆಗಳ ಮೇಲೆ ಒರಗಿದವು. ಹೆದ್ದಾರಿಗೂ ಮರಗಳು ಅಡ್ಡ ಬಿದ್ದು ಹೊರಗಿನಿಂದ ಯಾರೂ ಬರುವಂತಿರಲಿಲ್ಲ. ಬೆಳಕು ಹರಿಯುತ್ತಲೇ ನಂಜುಂಡಾಚಾರಿ ಗರಗಸ ಹೊತ್ತು ಹೊರಟ. ಅವನು ಮರ ಕೊಯ್ದು ದಾರಿ ಮಾಡುತ್ತಲೇ ಜನ ಒಂದು ಮನೆಯಿಂದ ಬಾಣಂತಿಯನ್ನೂ ಕೂಸನ್ನೂ ಹೊರಗೆ ತಂದರು. ಇನ್ನೊಂದರಿಂದ ಕಾಲು ಮುರಿದ ಮುದುಕನನ್ನು ಎತ್ತಿ ತಂದರು. ಒಂದು ಕಡೆ ಮುಗಿಯುವ ಮೊದಲೇ ಇನ್ನೊಂದು ಕಡೆಯಿಂದ ಜನ ಓಡಿ ಬರುತ್ತಿದ್ದರು. ಅವನು ಗರಗಸವನ್ನು ಆರಲು ಬಿಡಲೇ ಇಲ್ಲ. ಟ್ಯಾಂಕು ಬರಿದಾದರೆ ಅಲ್ಲೇ ತುಂಬಿಸಿ, ಎಂಜಿನ್ ಶುರು ಮಾಡುವ ಹಗ್ಗ ಎಳೆಯುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಹಲ್ಲುಗಳು ಮೊಂಡಾದವು. ಚಕ್ಕೆ ಬೀಳುವ ಜಾಗದಲ್ಲಿ ಹಿಟ್ಟಿನಂಥ ಹುಡಿ ಬೀಳತೊಡಗಿತು. ಆ ಹುಡಿ ಎಂಜಿನ್ನಿನ ಸಂದುಗಳಲ್ಲೆಲ್ಲ ಮೆತ್ತಿಕೊಂಡು ಗಾಳಿಯ ದಾರಿ ಕಟ್ಟಿತು. ಗರಗಸ ಕೊಯ್ಯದೆ ಉಜ್ಜುತ್ತಿತ್ತು. ಅದು ಕೊಯ್ಯದಷ್ಟೂ ಅವನು ಮೈಭಾರ ಹಾಕಿ ಒತ್ತಿದ. ಒತ್ತಿದಷ್ಟೂ ಎಂಜಿನ್ ಕಾಯಿತು.

ಗಂಜಿ ತಂದಿದ್ದ ಅವನ ಹೆಂಡತಿ ಕಾಳಮ್ಮ ದೂರದಿಂದಲೇ ಆ ಸದ್ದು ಕೇಳಿ ಹತ್ತಿರ ಬಂದಳು.

“ರೀ, ಒಂದು ಗಳಿಗೆ ಕೆಳಗಿಳಿಸಿ. ಮೆಷಿನ್ ಸದ್ದು ಬೇರೆಯಾಗಿದೆ, ನಿಮಗೆ ಕೇಳಿಸ್ತಿಲ್ವಾ?”

“ಕೇಳಿಸ್ತಿದೆ. ಒಳಗೆ ಸಿಕ್ಕಿಕೊಂಡವರು ಕೂಗೋದೂ ಕೇಳಿಸ್ತಿದೆ. ಅವರು ಕೂಗ್ತಾ ಇರುವಾಗ ನಾನು ಅರ ಹಿಡಿದು ಕೂತ್ಕೊಳ್ಳಲಾ? ನನ್ನ ಕೈಲಿ ಆಗಲ್ಲ, ಕಾಳಿ.”

ಅವಳು ಗಂಜಿಯ ಪಾತ್ರೆ ಮುಂದೆ ಹಿಡಿದಳು. ಅವನು ಅದನ್ನು ಮುಟ್ಟಲಿಲ್ಲ.

ಸಂಜೆಯ ಹೊತ್ತಿಗೆ ಅವನನ್ನು ಹೂ ಮಾರುವ ಪುಟ್ಟತಾಯಮ್ಮನ ಮನೆಗೆ ಕರೆದೊಯ್ದರು. ಹಳೆಯ ಹುಣಸೆಮರವೊಂದು ಮಾಡಿನ ಮೇಲೆ ಬಿದ್ದು ಬಾಗಿಲನ್ನೇ ಮುಚ್ಚಿತ್ತು. ತೊಲೆಯ ಕೆಳಗೆ ಸಿಕ್ಕಿದ್ದ ಮುದುಕಿ ಇನ್ನೂ ಮಾತಾಡುತ್ತಿದ್ದಳು. ದೊಡ್ಡ ಕೊಂಬೆ ಒಂದನ್ನು ಕೊಯ್ದು ತೆಗೆದರೆ ಒಳಗೆ ಹೋಗಲು ದಾರಿಯಾಗುತ್ತಿತ್ತು. ಬಾಗಿಲ ಸಂದಿಗೆ ಬಾಯಿ ಹಚ್ಚಿ ನಂಜುಂಡಾಚಾರಿ, “ಬಂದೆ, ತಾಯಿ” ಎಂದ. ಗರಗಸವನ್ನು ಕೊಂಬೆಗೆ ಒತ್ತಿದ.

ಹುಣಸೆ ಗಟ್ಟಿ ಮರ. ಕೊಂಬೆಯ ಅರ್ಧಕ್ಕೆ ಬರುವಷ್ಟರಲ್ಲಿ ಎಂಜಿನ್ ಒಮ್ಮೆ ಕಿರುಚಿ ಗಕ್ಕನೆ ನಿಂತಿತು. ಅವನು ಹಗ್ಗ ಎಳೆದ. ಹಗ್ಗ ಅಲುಗಲಿಲ್ಲ. ಕಾಲಿನಿಂದ ಮೆಟ್ಟಿ ಹಿಡಿದು ಎರಡೂ ಕೈಯಿಂದ ಎಳೆದ. ಒಳಗಿನ ಪಿಸ್ಟನ್ ಕಾದು, ಹಿಗ್ಗಿ, ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿದೆ ಎಂದು ಅವನ ಕೈಗೆ ತಿಳಿಯಿತು. ಆದರೂ ಎಳೆಯುವುದನ್ನು ಬಿಡಲಿಲ್ಲ.

ಒಳಗಿನಿಂದ ಪುಟ್ಟತಾಯಮ್ಮನ ದನಿ ಬಂತು. “ಯಾಕಪ್ಪಾ, ನಿಲ್ಲಿಸಿಬಿಟ್ಟೆ?”

ನಿಂತಿದ್ದ ಜನ ಮುಖ ಮುಖ ನೋಡಿಕೊಂಡರು. ನಂಜುಂಡಾಚಾರಿಗೆ ನಿಜ ಹೇಳಲು ನಾಲಿಗೆ ಏಳಲಿಲ್ಲ.

“ಸ್ವಲ್ಪ ಆರಲಿ ಅಂತ ನಿಲ್ಲಿಸಿದೆ ತಾಯಿ. ಈಗ ಶುರು ಮಾಡ್ತೀನಿ.”

“ಆಗಲಿ ಮಗ. ಬೆಳಗ್ಗೆಯಿಂದ ನಿನ್ನ ಮೆಷಿನ್ ಸದ್ದು ಕೇಳ್ತಾನೇ ಇದೀನಿ. ನೀನೂ ಒಂಚೂರು ಕೂತ್ಕೋ. ನಾನು ಕಾಯ್ತೀನಿ.”

ಜನ ಕೊಡಲಿ ತಂದರು, ಕೈಗರಗಸ ತಂದರು. ನಂಜುಂಡಾಚಾರಿ ಕೊಡಲಿ ಕಿತ್ತುಕೊಂಡು ಹುಚ್ಚನಂತೆ ಕಡಿದ. ನಡುನಡುವೆ, “ತಾಯಿ, ಇಗೋ ಆಯಿತು” ಎಂದು ಕೂಗುತ್ತಿದ್ದ. ಮೊದಮೊದಲು ಅವಳು ಹೂಂ ಎನ್ನುತ್ತಿದ್ದಳು. ಆಮೇಲೆ ಹೂಂಗುಡುವುದೂ ನಿಂತಿತು. ಕೊಂಬೆ ಮುರಿದು ಬಿದ್ದಾಗ ಅವನೇ ಮೊದಲು ತೂರಿ ಒಳಗೆ ಹೋದ. ಮುದುಕಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅಂಗಳದಲ್ಲಿ ಮಲಗಿಸಿದ. ಮೈ ಇನ್ನೂ ಬೆಚ್ಚಗಿತ್ತು, ಉಸಿರು ಇರಲಿಲ್ಲ.

ಊರಿನಲ್ಲಿ ಯಾರೂ ಅವನನ್ನು ಒಂದು ಮಾತು ಅನ್ನಲಿಲ್ಲ. ರಸ್ತೆ ತೆರವಾದ ಮೇಲೆ ಪಂಚಾಯಿತಿಯ ಮುಂದೆ ಸಭೆ ಕೂಡಿಸಿ ಅವನಿಗೆ ಹಾರ ಹಾಕಿದರು. ಬಾಣಂತಿ ಕೂಸನ್ನು ತಂದು ಅವನ ಕಾಲ ಬಳಿ ಇಟ್ಟಳು. ಹಾರದ ಹೂವಿನ ವಾಸನೆ ಬಡಿಯುತ್ತಲೇ ಅವನು ಸಭೆಯಿಂದ ಎದ್ದು ಹೋದ.

ಪೇಟೆಯ ರಿಪೇರಿಯವನು ಎಂಜಿನ್ ಬಿಚ್ಚಿ, ಉದ್ದಕ್ಕೂ ಗೀರುಬಿದ್ದ ಪಿಸ್ಟನ್ ತೆಗೆದು ಹೊಸದು ಹಾಕಿಕೊಟ್ಟ. ನಂಜುಂಡಾಚಾರಿ ಮತ್ತೆ ಮರ ಕೊಯ್ಯತೊಡಗಿದ. ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ. ಮೊದಲಿನಂತೆಯೇ ಟ್ಯಾಂಕು ಬರಿದಾದಾಗಲೆಲ್ಲ ಗರಗಸ ಇಳಿಸಿ, ಅದು ಆರುವವರೆಗೆ ಕೂರುತ್ತಿದ್ದ. ಜೊತೆಯ ಆಳುಗಳು ಆ ಹೊತ್ತಿನಲ್ಲಿ ಅವನನ್ನು ಮಾತಾಡಿಸುತ್ತಿರಲಿಲ್ಲ. ಎಂಜಿನ್ ನಿಂತ ಮೌನದಲ್ಲಿ ಅವನು ಯಾರಿಗೋ ಮೆಲ್ಲಗೆ, “ಇಗೋ ಆಯಿತು, ತಾಯಿ” ಎನ್ನುವುದು ಅವರಿಗೆ ಕೇಳಿಸುತ್ತಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚೆನ್ನವೀರ ಕೇಳಿದ:

“ಬುದ್ಧಿ, ಅವನು ಅಷ್ಟು ಜನರ ಪ್ರಾಣ ಉಳಿಸಿದ. ತನಗಾಗಿ ಏನನ್ನೂ ಬಯಸಲಿಲ್ಲ. ಅವನ ಗರಗಸವೇ ಯಾಕೆ ಹಾಗೆ ಕೈಕೊಡಬೇಕಿತ್ತು?”

ಗುರುಗಳು ಹೇಳಿದರು: “ತಾನು ಓಡುತ್ತಿರುವುದು ಯಾರ ಒಳಿತಿಗೆ ಎಂದು ಎಂಜಿನ್ನಿಗೆ ತಿಳಿಯುವುದಿಲ್ಲ, ಚೆನ್ನವೀರ.”