ಕಾವಲಿರುವೆಯ ಎರಡು ಪ್ರಶ್ನೆ

ಇರುವೆಗೂಡಿನ ಬಾಗಿಲಿಗೆ ಹೊಸದಾಗಿ ಕಾವಲು ನಿಂತ ಇರುವೆಯೊಂದು ತನಗೆ ತಾನೇ ಒಂದು ಕಟ್ಟಳೆ ಮಾಡಿಕೊಂಡಿತ್ತು: ಬಂದವರ ಬಾಯಲ್ಲಿ ಕಾಳಿದ್ದರೆ ಒಳಗೆ ಬಿಡುವುದು, ಇಲ್ಲವಾದರೆ, ಕಾಳು ಕೊರೆಯುವ ನುಸಿಯೇ ಎಂದು ನೋಡಿ ಓಡಿಸುವುದು. ಮೂರೇ ದಿನದಲ್ಲಿ ಗೂಡಿನ ಕಣಜಕ್ಕೆ ನುಸಿ ಹಿಡಿಯಿತು.

"ಬಾಗಿಲಿಗೆ ಇನ್ನೂ ನಾಲ್ವರನ್ನು ನಿಲ್ಲಿಸೋಣ," ಎಂದಿತು ಗೂಡಿನ ಮುದಿ ಇರುವೆ.

"ಬೇಡ ಅಜ್ಜಿ. ನಾಲ್ವರು ಬಂದರೆ ಅದೇ ತಪ್ಪು ನಾಲ್ಕಾಗುತ್ತದೆ. ಆ ತಪ್ಪು ಕೈಗೆ ಸಿಗುವ ತನಕ ನಾನು ಇಲ್ಲಿಂದ ಕದಲುವುದಿಲ್ಲ. ನೀವೇ ನುಸಿಯಾಗಿ ಬನ್ನಿ, ನೋಡೋಣ."

ಅಜ್ಜಿ ಗೊಣಗುತ್ತಲೇ ಬರಿಬಾಯಲ್ಲಿ ಬಂದಿತು.

"ಕಾಳಿಲ್ಲ. ನುಸಿಯೇ? ನಡಿ ಆಚೆ!"

"ಸರಿಯಾಗಿಯೇ ಇದೆಯಲ್ಲ! ಇನ್ನು ಸಾಕು ಮಾಡು."

"ಇನ್ನೊಂದೇ ಸಲ. ಈಗ ಕಾಳು ಕಚ್ಚಿಕೊಂಡು ಬನ್ನಿ."

ಅಜ್ಜಿ ಅಕ್ಕಿಕಾಳೊಂದನ್ನು ಕಚ್ಚಿಕೊಂಡು ಬಂದಿತು.

"ಕಾಳಿದೆ. ನಡೆಯಿರಿ ಒಳಗೆ," ಎಂದ ಕಾವಲಿರುವೆ ತನ್ನ ಮಾತು ತನಗೇ ಕೇಳಿಸಿ ಬೆಚ್ಚಿತು. ಕಾಳು ಕಂಡ ಮೇಲೆ ಅದು ಎರಡನೆಯ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ. ಎರಡು ಪ್ರಶ್ನೆಗಳೂ ಸರಿಯಾಗಿದ್ದವು, ಆಮೇಲೆ ಕೇಳಬೇಕಾದದ್ದು ಮೊದಲಾಗಿತ್ತು ಅಷ್ಟೇ.

ಬೆಳಗಾಗುತ್ತಲೇ ನುಸಿಯೊಂದು ಅಕ್ಕಿಕಾಳು ಹೊತ್ತು ಠೀವಿಯಿಂದ ಬಂದಿತು. "ಕಾಳು ತಂದಿದ್ದೇನೆ, ದಾರಿ ಬಿಡು."

ಕಾವಲಿರುವೆ ಬಾಗಿಲಿಗೆ ಅಡ್ಡ ನಿಂತಿತು. "ಕಾಳಿನ ಮಾತು ಆಮೇಲೆ. ಮೊದಲು ನೀನು ಯಾರು, ಅದನ್ನು ಹೇಳು."