ಜಗಲಿಯಿಂದ ಕಂಡ ಮಾವು

ಕಪಿಲೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮವಿತ್ತು. ಹೊಳೆ ತುಂಬಿ ಬಂದಾಗ ಮೇಲಿನ ಕಾಡಿನಿಂದ ಮರಗಳು ತೇಲಿಬರುತ್ತಿದ್ದವು. ಅವನ್ನು ದಡಕ್ಕೆಳೆದು ಒಣಗಿಸಿದರೆ ವರ್ಷವಿಡೀ ಒಲೆಗೆ ಸೌದೆ.

ತೇಲಿಬಂದ ಮರಕ್ಕೆ ಎಲೆಯಿಲ್ಲ, ಹೂವಿಲ್ಲ, ಕಾಯಿಯಿಲ್ಲ. ತೊಗಟೆ ನೋಡಿ, ಸೀಳಿದಾಗ ಒಳಗಿನ ಎಳೆ ನೋಡಿ, ಇದು ಇಂಥ ಮರ ಎಂದು ತಿಳಿಯಬೇಕು.

ಗುರು ಚಿಕ್ಕಲಿಂಗಸ್ವಾಮಿ ಅದನ್ನು ಶಿಷ್ಯ ಗುರುಮಲ್ಲನಿಗೆ ಕಲಿಸಿದ್ದರು. ತೊಗಟೆ ಮೊಸಳೆಯ ಬೆನ್ನಿನ ಹಾಗೆ ಬಿರಿದಿದ್ದರೆ ಮತ್ತಿ. ಹುಣಸೆಯ ಎಳೆ ಒಂದರೊಳಗೊಂದು ಹೆಣೆದುಕೊಂಡು ಸೀಳುವವನ ಬೆವರಿಳಿಸುತ್ತದೆ, ಆದರೆ ಅದರ ಕೆಂಡ ಬೇಗ ಆರುವುದಿಲ್ಲ.

"ತೊಗಟೆ ನೋಡಿದ ಮೇಲೂ ಮಚ್ಚಿನಿಂದ ಒಂದು ಕಚ್ಚು ಹಾಕಿ ಒಳಗೆ ನೋಡಪ್ಪ," ಎನ್ನುತ್ತಿದ್ದರು ಗುರುಗಳು.

ಗುರುಮಲ್ಲ ಚುರುಕಿನವನು, ಬೇಗ ಕಲಿತ. ಕಲಿತ ಮೇಲೆ ಕಚ್ಚು ಹಾಕುವುದನ್ನು ಬಿಟ್ಟ. ಆಮೇಲೆ ಹತ್ತಿರ ಹೋಗುವುದನ್ನೂ ಬಿಟ್ಟ. ಜಗಲಿಯಲ್ಲಿ ಕುಳಿತೇ ಬೆರಳು ತೋರಿಸಿ ಹೆಸರು ಹೇಳುತ್ತಿದ್ದ. ಬಂದವರು ಬೆರಗಾಗುತ್ತಿದ್ದರು. ಅವರು ಬೆರಗಾಗುವುದು ಅವನಿಗೆ ಹಿತವಾಗಿತ್ತು.

ಒಂದು ಬೆಳಿಗ್ಗೆ ಭಕ್ತರು ಬಂದಿದ್ದರು. ಒಬ್ಬರು ಅಂಗಳದ ಕೊನೆಯಲ್ಲಿ ಬಿದ್ದಿದ್ದ ಕೊಂಬೆಯನ್ನು ತೋರಿಸಿ ಕೇಳಿದರು. "ಅದ್ಯಾವ ಮರ, ಸ್ವಾಮಿ?"

"ಮಾವು," ಎಂದ ಗುರುಮಲ್ಲ, ಕಾಲು ಸಹ ಕೆಳಗಿಡದೆ.

ಭಕ್ತರೇ ಖುಷಿಯಿಂದ ಅದನ್ನೆತ್ತಿಕೊಂಡು ಹೋಗಿ ಇಡಿಯಾಗಿ ದೊಡ್ಡ ಒಲೆಗೆ ತುರುಕಿದರು.

ಒಲೆಯ ಮುಂದೆ ಗುರುಗಳು ಪಾಯಸ ತಿರುವುತ್ತಾ ಕುಳಿತಿದ್ದರು. ಹೊಗೆ ಎದ್ದಿತು. ಅಡುಗೆಯ ತಾಯಮ್ಮ ಕೆಮ್ಮುತ್ತಾ ಹೊರಗೋಡಿದಳು. ಸಂಜೆಯ ಹೊತ್ತಿಗೆ ಅವಳ ತೋಳೆಲ್ಲ ಕೆಂಪಗೆ ದದ್ದೆದ್ದಿತ್ತು. ಗುರುಗಳ ಮುಖ ಪೂರಿಯ ಹಾಗೆ ಉಬ್ಬಿ ಕಣ್ಣು ಗೆರೆಯಷ್ಟೇ ಉಳಿದಿತ್ತು.

ಗುರುಮಲ್ಲ ಅರೆಸುಟ್ಟ ಕೊಂಬೆಯನ್ನು ಹೊರಗೆಳೆದು ಕಚ್ಚು ಹಾಕಿದ. ಒಳಗೆ ಮಸಿ ಚೆಲ್ಲಿದಂಥ ಕಪ್ಪು ಕಲೆ. ಅದು ಮಾವಲ್ಲ, ಕಾಡುಗೇರು. ಅದರ ಸೊನೆ ತಾಗಿದರೆ ಮೈ ಸುಡುತ್ತದೆ, ಹೊಗೆ ತಾಗಿದರೂ ಬಿಡುವುದಿಲ್ಲ.

"ಮಾವಂತೆ ಮಾವು!" ತೋಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾ ತಾಯಮ್ಮ ಸಿಡುಕಿದಳು. "ಹೋಗಿ ನಿಮ್ಮ ಮಾವನ ಮನೆ ಒಲೆಗೆ ಹಾಕು!"

ಗುರುಗಳು ಕೊಡದ ನೀರಿನಲ್ಲಿ ತಮ್ಮ ಮುಖ ನೋಡಿಕೊಂಡರು. "ತಾಯಮ್ಮ, ಈ ಮುಖಕ್ಕೆ ಚಿಕ್ಕಲಿಂಗ ಅನ್ನೋ ಹೆಸರು ಸಾಲದು ಕಣಮ್ಮ. ಊತ ಇಳಿಯೋವರೆಗೆ ದೊಡ್ಡಲಿಂಗ ಅಂತಲೇ ಕರೀರಿ."

ತಾಯಮ್ಮನಿಗೂ ನಗು ಬಂತು. ಗುರುಮಲ್ಲನಿಗೆ ಬರಲಿಲ್ಲ.

ಮರುದಿನದಿಂದ ಅವನಿಗೆ ಯಾವ ಕಟ್ಟಿಗೆಯ ಮೇಲೂ ನಂಬಿಕೆ ಹುಟ್ಟದಾಯಿತು. ಕಚ್ಚು ಹಾಕುವನು, ಮೂಸುವನು, ಉಗುರಿನಿಂದ ಕೆರೆಯುವನು, ಮತ್ತೆ ಕೆಳಗಿಡುವನು. ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತಿದ್ದ ಹುಣಸೆಯನ್ನೂ ಪಕ್ಕಕ್ಕಿಟ್ಟ. ಮಧ್ಯಾಹ್ನದ ಊಟ ಸಂಜೆಗೆ ಹೋಯಿತು.

"ಅವತ್ತು ನೋಡದೆ ಸುಟ್ಟ," ಎಂದಳು ತಾಯಮ್ಮ. "ಇವತ್ತು ನೋಡಿ ನೋಡಿ ನಮ್ಮ ಹೊಟ್ಟೆ ಸುಡ್ತಾವ್ನೆ."

ಗುರುಮಲ್ಲ ಬಟ್ಟೆಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

"ಬುದ್ಧಿ, ನಾನು ಊರಿಗೆ ಹೋಗ್ತೀನಿ. ನನ್ನ ಕಣ್ಣನ್ನ ನಾನೇ ನಂಬಲಾರೆ."

ಗುರುಗಳು ಊದುಗೊಳವೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಒಲೆಯ ಬಾಯಿಗೆ ಮುಖವಿಟ್ಟು ಕುಳಿತರು.

"ಕಟ್ಟಿಗೆ ಕೊಡು."

"ಬುದ್ಧಿ, ಊತ ಇನ್ನೂ ಇಳಿದಿಲ್ಲ. ದೂರ ಕೂತ್ಕೊಳ್ಳಿ."

"ದೂರ ಕೂತು ಊದೋದು ಹೇಗಪ್ಪ? ನೀನು ಆರಿಸು, ನಾನು ಊದ್ತೀನಿ."

"ಮತ್ತೆ ತಪ್ಪಿದರೆ?"

"ಮುಖ ನನ್ನದು ತಾನೆ? ಕೊಡು."

ಗುರುಮಲ್ಲ ಗಂಟು ಕೆಳಗಿಟ್ಟು ಸೌದೆಯ ರಾಶಿಯ ಮುಂದೆ ಕುಳಿತ. ಒಂದು ತುಂಡಿಗೆ ಕಚ್ಚು ಹಾಕಿದ. ಎಳೆ ಹೆಣೆದುಕೊಂಡಿತ್ತು.

"ಇದು... ಹುಣಸೆ, ಬುದ್ಧಿ."

ಗುರುಗಳು ಅದನ್ನು ಒಲೆಗಿಟ್ಟು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಜೋರಾಗಿ ಊದಿದರು. ಉರಿ ಹತ್ತಿತು. ಅವರ ಮುಖಕ್ಕೆ ಏನೂ ಆಗಲಿಲ್ಲ.

"ಇದು ಮತ್ತಿ."

ಅದೂ ಒಲೆಗೆ ಹೋಯಿತು. ಆಮೇಲೆ ಒಂದು ಬೇವಿನ ಕೊಂಬೆ, ಮತ್ತೊಂದು ಹುಣಸೆ. ಅನ್ನದ ಎಸರು ಕುದಿಯತೊಡಗಿತು. ಗುರುಮಲ್ಲನ ಕೈ ಚುರುಕಾಯಿತು.

ಇನ್ನೊಂದು ಕಟ್ಟಿಗೆ ಸಿಕ್ಕಿತು. ತೊಗಟೆ ನೋಡಿದ, ಕಚ್ಚು ಹಾಕಿ ಒಳಗೂ ನೋಡಿದ. ಕಪ್ಪು ಕಲೆ ಇರಲಿಲ್ಲ. ಎಳೆ ನೇರವಾಗಿತ್ತು. ವಾಸನೆ ಮಾತ್ರ ಅವನು ಎಂದೂ ಮೂಸಿರದ್ದು. ಗುರುಗಳು ಕೈ ಚಾಚಿ ಕಾಯುತ್ತಿದ್ದರು. ತಾಯಮ್ಮ ಸೌಟು ಹಿಡಿದು ಅವನನ್ನೇ ನೋಡುತ್ತಿದ್ದಳು. ಏನಾದರೊಂದು ಹೆಸರು ಹೇಳಿಬಿಡುವುದು ಸುಲಭವಾಗಿತ್ತು.

"ಬುದ್ಧಿ, ಇದು ಯಾವುದೋ ನನಗೆ ಗೊತ್ತಿಲ್ಲ," ಎಂದು ಅದನ್ನು ಅಂಗಳದಾಚೆಗೆ ಇಟ್ಟು ಬಂದ.

ಗುರುಗಳು ಊದುಗೊಳವೆ ಕೆಳಗಿಟ್ಟು, ಮುಖದ ಬೂದಿ ಒರೆಸಿಕೊಂಡು, ಹೊಟ್ಟೆ ಕುಲುಕುವಂತೆ ನಕ್ಕರು.

"ಸದ್ಯ, ಗುರುಮಲ್ಲ! ಇನ್ನು ಮೇಲೆ ನಾನು ಕಣ್ಣು ಬಿಟ್ಟುಕೊಂಡೇ ಊದಬಹುದು."